ಸಿಸ್ಟರಮ್ಮನ ಕೈಗುಣ

ಸಿಸ್ಟರಮ್ಮ ಅನ್ನವನ್ನು ಚಮಚದಲ್ಲಿ ಉಣ್ಣತೊಡಗಿದ್ದನ್ನು ಮೊದಲು ಕಂಡವಳು ನಾನು. ಬೇರೆಯವರು ಕಂಡಿದ್ದರೆ ದೊಡ್ಡಸ್ತಿಕೆ ಅನ್ನುತ್ತಿದ್ದರು. ನನಗೆ ಹಾಗೆ ಅನ್ನಿಸಲಿಲ್ಲ. ಅದಕ್ಕೂ ಮೊದಲು ಆಕೆ ನನ್ನ ಬುತ್ತಿಯ ರೊಟ್ಟಿ ಮುರಿದುಕೊಂಡು, ಕೆಂಪು ಚಟ್ನಿಗೆ ಒತ್ತಿ, ಬೆರಳು ನೆಕ್ಕುತ್ತ ತಿನ್ನುತ್ತಿದ್ದವಳು.

ಲಿಂಗಸುಗೂರಿನ ಊರ ಹೊರಗೆ ಯಾರೋ ಉಳ್ಳವರು ಧರ್ಮಕ್ಕೆ ಕಟ್ಟಿಸಿದ ಒಂದು ಹೆರಿಗೆ ದವಾಖಾನೆ ಇತ್ತು. ಈಗ ಇಲ್ಲ, ಅದರ ಹೆಸರೂ ಬೇಡ. ಎಂಬತ್ತರ ದಶಕ ಮುಗಿಯುತ್ತ ಬಂದಾಗ ನಾನು ಅಲ್ಲಿ ಆಯಾ ಆಗಿ ಸೇರಿದೆ. ನನ್ನ ತವರು ಮುಕ್ಕುಂದ. ಮೂರನೆಯ ಇಯತ್ತೆಯವರೆಗೆ ಸಾಲಿಗೆ ಹೋಗಿದ್ದೆ, ಆಮೇಲೆ ಭತ್ತದ ಗದ್ದೆಯಲ್ಲಿ ಬಗ್ಗಿದವಳು ಮದುವೆಯಾಗುವವರೆಗೆ ಎದ್ದಿರಲಿಲ್ಲ. ಗಂಡ ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ಹಮಾಲಿ. ವಾರಕ್ಕೊಮ್ಮೆ ಬಸ್ಸು ಹತ್ತಿ ಬರುತ್ತಿದ್ದ, ತಲೆಯಿಂದ ಕಾಲಿನವರೆಗೆ ತೌಡು. ಉಂಡು, ಮಲಗಿ, ಎದ್ದು ಹೋಗುತ್ತಿದ್ದ. ಹಾಗಾಗಿ ನನ್ನ ಸಂಸಾರ ಅನ್ನುವುದು ಆ ದವಾಖಾನೆಯಲ್ಲೇ ನಡೆಯಿತು.

ನೆಲ ಒರೆಸುವುದು, ನೀರು ಕಾಯಿಸುವುದು, ರಕ್ತದ ಬಟ್ಟೆ ನೆನೆಹಾಕುವುದು, ಕೂಸಿನ ಹಿಂದೆ ಬೀಳುವ ಮಾಸನ್ನು ಹಿತ್ತಲಲ್ಲಿ ಹೂಳುವುದು ನನ್ನ ಕೆಲಸ. ರಬ್ಬರಿನ ಕೈಗವಸುಗಳೂ ನನ್ನವೇ. ಆಗ ಒಮ್ಮೆ ಹಾಕಿ ಎಸೆಯುವ ಕಾಲವಲ್ಲ. ತೊಳೆದು, ಕುದಿಸಿ, ಒಳಗೆ ಗಾಳಿ ಊದಿ ತೂತು ಇದೆಯೇನೆಂದು ನೋಡಿ, ತಂತಿಯ ಮೇಲೆ ಒಣಹಾಕಿ, ಪೌಡರು ಸವರಿ ಮಡಚಿಡಬೇಕು. ಬಿಳಿಚಿಕೊಂಡ ಕೈಗಳು ಸಾಲಾಗಿ ಗಾಳಿಗೆ ಅಲ್ಲಾಡುತ್ತಿದ್ದರೆ ಹಳ್ಳಿಯಿಂದ ಬಂದವರು ಆ ಕಡೆ ನೋಡದೆ ದಾಟುತ್ತಿದ್ದರು.

ಸಿಸ್ಟರಮ್ಮ ಬೀದರ್ ಕಡೆಯ ಕ್ರಿಶ್ಚನ್ ಹೆಣ್ಣುಮಗಳು. ತೆಳ್ಳಗೆ, ಗಟ್ಟಿ ದನಿ, ಮದುವೆಯಾಗಿರಲಿಲ್ಲ. ಡಾಕ್ಟರ್ ಸಾಹೇಬರು ಒಬ್ಬರು, ಆಕೆಗಿಂತ ಹಳಬರಾದ ದೊಡ್ಡ ಸಿಸ್ಟರ್ ಒಬ್ಬರು, ಅವರನ್ನು ಬಿಟ್ಟರೆ ಹೆರಿಗೆ ಮಾಡಿಸುವವಳು ಆಕೆಯೊಬ್ಬಳೇ. ಬಂದ ಹೊಸದರಲ್ಲಿ ಆಕೆಯ ಕೈಯಲ್ಲಿ ಆದ ಹೆರಿಗೆಗಳೆಲ್ಲ ಸುಸೂತ್ರವಾಗಿ ಮುಗಿದವು. ಅಡ್ಡ ಬಿದ್ದ ಕೂಸನ್ನೂ ತಿರುಗಿಸಿ ತೆಗೆದಳು. ಅಷ್ಟೇ ಸಾಕಾಯಿತು. ನಮ್ಮ ಕಡೆ ಜನಕ್ಕೆ ವಿದ್ಯೆಗಿಂತ ಕೈಗುಣದ ಮೇಲೆ ನಂಬಿಕೆ ಹೆಚ್ಚು. ಬೀಜ ಹಾಕುವವನ ಕೈ, ದನಕ್ಕೆ ಮದ್ದು ಕುಡಿಸುವವನ ಕೈ, ಸೂಜಿ ಚುಚ್ಚುವವನ ಕೈ, ಎಲ್ಲದಕ್ಕೂ ಗುಣ ನೋಡುವವರು. ಒಂದು ಕೈ ಒಳ್ಳೆಯದು ಅಂತ ಒಬ್ಬರು ಅಂದರೆ ಮಸ್ಕಿ ಸಂತೆಯಲ್ಲಿ ಆ ಮಾತು ಹತ್ತು ಹಳ್ಳಿಗೆ ಹಂಚಿಹೋಗುತ್ತದೆ.

ಟಾಂಗಾ ಬಂದು ನಿಂತರೆ ಒಳಗಿನಿಂದ ಮೊದಲು ಕೇಳುವುದೇ ಇದು.

"ಬೀದರ್ ಸಿಸ್ಟರ್ ಅದಾಳೇನ್ರಿ?"

"ಇಲ್ಲ, ಸಂಜಿಕ ಬರ್ತಾಳ. ಈಗ ದೊಡ್ಡ ಸಿಸ್ಟರ್ ಅದಾರ, ಇಳೀರಿ," ಅನ್ನುತ್ತಿದ್ದ ಗೇಟಿನ ವಾಚ್‌ಮನ್.

"ಹಂಗಾರ ಸಂಜಿತನ ತಡಕೋ ತಂಗಿ, ಕಾಲು ಮಡಚಿ ಕುಂದ್ರು," ಅಂತ ಜೊತೆಗೆ ಬಂದವರು ಬಸುರಿಗೆ ಹೇಳುತ್ತಿದ್ದರು.

"ಹೊಟ್ಟ್ಯಾಗಿನ ಕೂಸಿಗೆ ಗಡಿಯಾರ ತೋರ್ಸೀಯೇನ್ಬೇ?" ಅಂತ ನಾನು ಒದರುತ್ತಿದ್ದೆ. "ಇಳಿಸು ಮೊದಲ!"

ಇಳಿಸುತ್ತಿರಲಿಲ್ಲ. ಇನ್ನು ಕೆಲವರು ಸೀದಾ ಹಿಂದಿನ ಕ್ವಾರ್ಟರ್ಸಿಗೆ ಹೋಗಿ ಆಕೆಯ ಬಾಗಿಲು ಬಡಿಯುತ್ತಿದ್ದರು. ತಲೆಗೆ ನೀರು ಹಾಕಿಕೊಂಡವಳು ಒದ್ದೆ ಕೂದಲಲ್ಲೇ ಓಡಿಬರುತ್ತಿದ್ದಳು. ಡ್ಯೂಟಿ ಮುಗಿಯಿತು ಅನ್ನುವುದು ಆಕೆಗೆ ಇರಲಿಲ್ಲ. ಡಾಕ್ಟರ್ ಸಾಹೇಬರಿಗೆ ಇದು ಖುಷಿ, ದವಾಖಾನೆಗೆ ಹೆಸರು ಬಂತಲ್ಲ. ದೊಡ್ಡ ಸಿಸ್ಟರಿಗೂ ಖುಷಿ, ಆಕೆಯ ಪಾಲಿನ ಕೆಲಸ ಇಳಿಯಿತಲ್ಲ. ಹೆತ್ತವಳ ಮನೆಯವರು ಹೋಗುವಾಗ ಸಿಸ್ಟರಮ್ಮನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಆಕೆ ನಗುತ್ತಿದ್ದಳು. ಆ ವಯಸ್ಸಿಗೆ ಯಾರಿಗಾದರೂ ನಗು ಬರುತ್ತದೆ.

ಆಮೇಲೆ ಆ ಹೆಂಗಸು ಬಂದಳು. ಮಸ್ಕಿ ಕಡೆಯ ಹಳ್ಳಿ, ಕುರಿ ಸಾಕುವವರ ಮನೆಯವಳು, ಎರಡನೆಯ ಹೆರಿಗೆ. ಕೂಸು ಸಲೀಸಾಗಿ ಹೊರಗೆ ಬಂತು, ಅತ್ತಿತು. ಮಾಸು ಬಿದ್ದ ಮೇಲೆ ರಕ್ತ ನಿಲ್ಲಲಿಲ್ಲ. ಸಿಸ್ಟರಮ್ಮ ಸೂಜಿ ಹಾಕಿದಳು, ಹೊಟ್ಟೆ ತಿಕ್ಕಿದಳು, ಡಾಕ್ಟರ್ ಸಾಹೇಬರು ಬಂದು ಮಾಡುವುದನ್ನೆಲ್ಲ ಮಾಡಿದರು. ರಕ್ತ ಕೊಡಬೇಕಾದರೆ ರಾಯಚೂರಿಗೇ ಒಯ್ಯಬೇಕು. ದವಾಖಾನೆಯ ಜೀಪು ಗಾಲಿ ಬಿಚ್ಚಿಕೊಂಡು ಇಟ್ಟಿಗೆಯ ಮೇಲೆ ನಿಂತಿತ್ತು. ದಾರಿಯಲ್ಲಿ ಹೋಗುತ್ತಿದ್ದ ಒಂದು ಟೆಂಪೋ ತಡೆದು ನಿಲ್ಲಿಸಿ, ಉಳ್ಳಾಗಡ್ಡಿ ಚೀಲಗಳನ್ನು ಕೆಳಗಿಳಿಸಿ, ಆಕೆಯನ್ನು ಮಲಗಿಸಿದೆವು. ನಾನು ಸಲಾಯಿನ್ ಬಾಟಲಿ ಎತ್ತಿ ಹಿಡಿದಿದ್ದೆ. ಸಿಸ್ಟರಮ್ಮ ಮೊಣಕಾಲೂರಿ ಆಕೆಯ ಹೊಟ್ಟೆಯನ್ನು ಮುಷ್ಟಿಯಿಂದ ಒತ್ತಿ ಹಿಡಿದಿದ್ದಳು. ಟೆಂಪೋ ಕುಣಿಯುತ್ತಿತ್ತು, ಆಕೆಯ ಮುಷ್ಟಿ ಜಾರಲಿಲ್ಲ.

"ಕೂಸಿಗೆ ಹಾಲು ಹಾಕ್ಯಾರೇನ್ರಿ?" ಅಂತ ಆ ಹೆಂಗಸು ಕೇಳಿದಳು.

"ಹಾಕ್ಯಾರವ್ವ. ನೀ ಸುಮ್ಕ ಮಲಕೋ," ಅಂದಳು ಸಿಸ್ಟರಮ್ಮ.

ಅರ್ಧ ದಾರಿಯಲ್ಲಿ, ಕವಿತಾಳದ ಹತ್ತಿರ ಉಸಿರು ನಿಂತಿತು. ನಿಂತ ಮೇಲೂ ಸಿಸ್ಟರಮ್ಮ ಒತ್ತುತ್ತಲೇ ಇದ್ದಳು. ಬಾಟಲಿ ಕೆಳಗಿಟ್ಟು ನಾನೇ ಆಕೆಯ ಕೈ ಬಿಡಿಸಬೇಕಾಯಿತು, ಬೆರಳು ಒಂದೊಂದಾಗಿ.

ಹೊಳ್ಳಿ ಬಂದಾಗ ಗೇಟಿನ ಹತ್ತಿರ ಸತ್ತವಳ ಅತ್ತೆ ಕೂತಿದ್ದಳು, ಮಡಿಲಲ್ಲಿ ಕೂಸು. ಅಳಲಿಲ್ಲ, ಬೈಯಲಿಲ್ಲ. ಸಿಸ್ಟರಮ್ಮನ ಕೈಗಳನ್ನೇ ನೋಡಿದಳು. ಉಗುರಿನ ಸಂದಿಯಲ್ಲಿ ಇನ್ನೂ ರಕ್ತ ಒಣಗಿತ್ತು.

"ಎಲ್ಲಾರೂ ಹೇಳ್ತಿದ್ದ ಕೈ ಇದೇನವ್ವ?" ಅಂದಳು. ಅಷ್ಟೇ.

ಮರುದಿನ ಸಿಸ್ಟರಮ್ಮನದೇ ಡ್ಯೂಟಿ. ದೊಡ್ಡ ಸಿಸ್ಟರು ತಂಗಿಯ ಮಗನ ಜವಳ ಅಂತ ರಜೆ ಹಾಕಿದ್ದರು. ಡಾಕ್ಟರ್ ಸಾಹೇಬರು, "ಆಗೋದು ಆಗ್ತದಮ್ಮ, ಮುಂದಿಂದು ನೋಡು," ಅಂದು ರೌಂಡಿಗೆ ಹೋದರು. ಅವರೂ ಕೆಟ್ಟವರಲ್ಲ. ಅವರಿಗೆ ಅಷ್ಟೇ ಗೊತ್ತಿತ್ತು.

ಸಿಸ್ಟರಮ್ಮ ಆ ದಿನದಿಂದ ಜೋಡು ಕೈಗವಸು ಹಾಕತೊಡಗಿದಳು, ಒಂದರ ಮೇಲೊಂದು. ನನಗೆ ತೊಳೆಯುವುದು ಇಮ್ಮಡಿಯಾಯಿತು, ನಾನೇನೂ ಅನ್ನಲಿಲ್ಲ. ಊಟಕ್ಕೆ ಕೂತಾಗ ಚಮಚ ತೆಗೆದಳು. ರೊಟ್ಟಿ ಕೊಟ್ಟರೆ ಬೇಡ ಅಂದಳು. ರೊಟ್ಟಿಗೆ ಕೈ ಹಾಕದೆ ಆಗುವುದಿಲ್ಲವಲ್ಲ.

ಸುದ್ದಿ ಅದೇ ಮಸ್ಕಿ ಸಂತೆಗೆ ಹೋಯಿತು. ಅಲ್ಲಿಂದ ಮುಂದೆ ಟಾಂಗಾದವರು ಕೇಳುವುದು ಬದಲಾಯಿತು.

"ಬೀದರ್ ಸಿಸ್ಟರ್ ಮನಿಗೆ ಹೋಗ್ಯಾಳೇನ್ರಿ? ಹೋಗಲಿ, ಆಮ್ಯಾಲ ಒಳಗ ಬರ್ತೀವಿ. ಆಕಿ ಕೈ ಕೆಟ್ಟೈತಂತ."

ಮೊದಲು ಆಕೆ ಬರಲಿ ಅಂತ ಬಸುರಿಯರನ್ನು ತಡೆದು ಕೂರಿಸಿದವರೇ ಈಗ ಆಕೆ ಹೋಗಲಿ ಅಂತ ತಡೆದು ಕೂರಿಸಿದರು. ಒಬ್ಬಳು ಬೇವಿನ ಗಿಡದ ಕೆಳಗೇ ಹೆತ್ತಳು. ನಾನು ಓಡಿಹೋಗಿ ಸೆರಗಿನಲ್ಲಿ ಕೂಸು ಹಿಡಿದೆ. ಸಿಸ್ಟರಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಕೈಗವಸು ಹಾಕಿದ ಕೈಗಳನ್ನು ಎದೆಯ ಮುಂದೆ ಎತ್ತಿಕೊಂಡು. ಅಂಗಳಕ್ಕೆ ಇಳಿಯಲಿಲ್ಲ.

ಹೀಗಿರುವಾಗ ದವಾಖಾನೆ ನಡೆಸುವ ದೊಡ್ಡವರು ನಮಗೊಂದು ಶಿಬಿರ ಇಟ್ಟರು. ಆಕೆಯ ಸಲುವಾಗಿಯೇ ಇಟ್ಟದ್ದಲ್ಲ. ಕೆಲಸದವರು ಮುಖ ಗಂಟು ಹಾಕಿಕೊಂಡಿರುತ್ತಾರೆ, ರೋಗಿಗಳ ಮೇಲೆ ರೇಗುತ್ತಾರೆ ಅಂತ ದೂರು ಹೋಗಿತ್ತಂತೆ. ಹುಬ್ಬಳ್ಳಿಯಿಂದ ಒಬ್ಬ ಮೇಡಂ ಬಂದರು, ಮನಸ್ಸಿನ ವಿಷಯ ಓದಿದವರು. ಹತ್ತಿ ಸೀರೆ, ಮೆತ್ತನೆಯ ಮಾತು. ಹೊರರೋಗಿಗಳ ಕೋಣೆಯಲ್ಲಿ ಜಮಖಾನೆ ಹಾಸಿ ನಮ್ಮನ್ನೆಲ್ಲ ಗೋಲಾಗಿ ಕೂರಿಸಿದರು. ಡಾಕ್ಟರ್ ಸಾಹೇಬರಿಗೆ ಮಾತ್ರ ಕುರ್ಚಿ.

"ನಮ್ಮ ಮನಸ್ಸು ತೋಟ ಇದ್ದ ಹಾಗೆ," ಅಂದರು ಮೇಡಂ. "ಕಳೆಯನ್ನೇ ನೋಡುತ್ತ ಕೂತರೆ ಹೂವು ಕಾಣುವುದಿಲ್ಲ. ಒಳ್ಳೆಯದಕ್ಕೆ ನೀರು ಹಾಕಬೇಕು."

"ನಮ್ಮದು ಕಾಲಿವಿ ಕಡೀ ಹೊಲ ಐತ್ರಿ ಮೇಡಂ," ಅಂದ ಕಾಂಪೌಂಡರ್. "ಮ್ಯಾಲಿನವರು ಬಿಟ್ಟರ ನೀರು, ಇಲ್ಲಂದ್ರ ಧೂಳ."

ಎಲ್ಲರೂ ನಕ್ಕೆವು. ಮೇಡಂ ಕೂಡ ನಕ್ಕರು. ಅವರ ಮೇಲೆ ನನಗೆ ಸಿಟ್ಟಿಲ್ಲ ಅಂತ ಈಗಲೇ ಹೇಳಿಬಿಡುತ್ತೇನೆ. ಜನ ಹೇಳುವುದನ್ನು ಕಿವಿಗೊಟ್ಟು ಕೇಳುತ್ತಿದ್ದರು. ನಮ್ಮಂಥವರಿಗೆ ಯಾರೂ "ನೀವು ಹೇಗಿದ್ದೀರಿ" ಅಂತ ಅದಕ್ಕೂ ಮೊದಲು ಕೇಳಿದ್ದಿಲ್ಲ. ಕೇಳಿದಾಗ ಏನು ಹೇಳಬೇಕೋ ತಿಳಿಯದೆ "ಆರಾಮ ಅದೀನ್ರಿ" ಅಂದೆವು.

ಮೊದಲ ದಿನದ ಆಟ ಇದು: ನಿನ್ನೆ ನಿಮಗೆ ಆದ ಒಂದು ಒಳ್ಳೆಯದನ್ನು ಹೇಳಬೇಕು, ಹೇಳಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಬೇಕು.

"ನಿನ್ನೆ ಸಾಹೇಬ್ರು ನನಗ ಬೈಲಿಲ್ರಿ," ಅಂದ ವಾಚ್‌ಮನ್. ಸಾಹೇಬರು ಊರಲ್ಲೇ ಇರಲಿಲ್ಲ ಅಂತ ಕಾಂಪೌಂಡರ್ ಮೆಲ್ಲಗೆ ಸೇರಿಸಿದ. ಚಪ್ಪಾಳೆ. ನನ್ನ ಸರದಿ ಬಂದಾಗ, "ನಳದಾಗ ನೀರು ಬಂತ್ರಿ," ಅಂದೆ. ಚಪ್ಪಾಳೆ. ದೊಡ್ಡ ಸಿಸ್ಟರು ಮಗಳು ಪಾಸಾದದ್ದು ಹೇಳಿದರು. ಚಪ್ಪಾಳೆ.

ಸಿಸ್ಟರಮ್ಮನ ಸರದಿ ಬಂತು. ಆಕೆ ತನ್ನ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು.

"ನಿನ್ನೆ ನನ್ನ ಕೈಯಾಗ ಯಾರೂ ಸಾಯಲಿಲ್ಲ," ಅಂದಳು.

ಹೇಳಿದ ಮೇಲೆ ಚಪ್ಪಾಳೆ ಅಂತ ಅಲ್ಲವೇ ಮಾತು? ವಾಚ್‌ಮನ್ ಶುರುಮಾಡಿದ, ಎಲ್ಲರೂ ತಟ್ಟಿದೆವು. ಮೇಡಂ ಮಾತ್ರ ತಟ್ಟಲಿಲ್ಲ. ಆಕೆಯನ್ನೇ ನೋಡುತ್ತಿದ್ದರು. ನಡುವೆ ಬಿಡುವು ಕೊಟ್ಟಾಗ ನನ್ನನ್ನು ಕರೆದು ಏನಾಯಿತು ಅಂತ ಕೇಳಿದರು. ಟೆಂಪೋದ ಕಥೆ ಹೇಳಿದೆ.

ಮರುದಿನ ಮೇಡಂ ಬೇರೆ ಆಟ ತೆಗೆದರು. ಸಿಸ್ಟರಮ್ಮನಿಗೆ ಧೈರ್ಯ ಬರಲಿ ಅಂತಲೇ ತೆಗೆದದ್ದು, ನನಗೆ ಗೊತ್ತು. ನಡುವೆ ಒಂದು ಸ್ಟೂಲು. ಒಬ್ಬೊಬ್ಬರೇ ಬಂದು ಅದರ ಮೇಲೆ ಕೂರಬೇಕು. ಉಳಿದವರು ಅವರ ಬಗ್ಗೆ ಒಂದೊಂದು ಒಳ್ಳೆಯ ಮಾತು ಹೇಳಬೇಕು, ಮನಸ್ಸಿನಿಂದ. ನಾನು ಕೂತಾಗ ಚಹಾ ಛಲೋ ಮಾಡುತ್ತಾಳೆ ಅಂದರು, ಬಾಯಿ ಜೋರು ಆದರೂ ಕಳ್ಳಿಯಲ್ಲ ಅಂದರು. ಇರಲಿ, ಕೇಳಿ ನನಗೂ ಒಂಥರಾ ಆಯಿತು.

ಸಿಸ್ಟರಮ್ಮ ಸ್ಟೂಲಿನ ಮೇಲೆ ಕೂತಳು.

"ನಿಮ್ಮ ಕೈಗುಣ ಭಾಳ ಛಲೋ ಐತ್ರಿ ಸಿಸ್ಟರ್," ಅಂದ ವಾಚ್‌ಮನ್. "ನನ್ನ ಸೊಸಿ ಹೆರಿಗಿ ನಿಮ್ಮ ಕೈಯಾಗ ಆತು, ಹೂ ಎತ್ತಿದಂಗ."

"ಹೌದ್ರಿ, ಅಂಥಾ ಕೈ ನಾ ನೋಡಿಲ್ಲ," ಅಂದ ಕಾಂಪೌಂಡರ್.

"ಮಂದಿ ನೂರು ಅಂತಾರ. ನಿನ್ನ ಕೈಗುಣ ಎಲ್ಲೂ ಹೋಗಿಲ್ಲವ್ವ," ಅಂದರು ದೊಡ್ಡ ಸಿಸ್ಟರು.

ನಾನೂ ಅದನ್ನೇ ಅಂದೆ. ನಮಗೆ ಒಬ್ಬ ನರ್ಸಿಗೆ ಹೇಳಬಹುದಾದ ಎಲ್ಲಕ್ಕಿಂತ ದೊಡ್ಡ ಮಾತು ಅದೇ. ಅದಕ್ಕಿಂತ ಮೇಲೆ ನಮ್ಮ ಬಾಯಲ್ಲಿ ಮಾತಿಲ್ಲ. ಮೇಡಂ ಖುಷಿಯಿಂದ ತಲೆ ಆಡಿಸುತ್ತಿದ್ದರು. ಅವರಿಗೂ ಅದು ಹೊಗಳಿಕೆಯಾಗಿಯೇ ಕೇಳಿಸಿತು. ಡಾಕ್ಟರ್ ಸಾಹೇಬರು ಕುರ್ಚಿಯಿಂದ, "ಈ ದವಾಖಾನೆಗೆ ನಿನ್ನ ಕೈಯೇ ಆಸ್ತಿ," ಅಂದರು. ಸ್ಟೂಲು ಹಿಂದಕ್ಕೆ ಬಿತ್ತು. ಸಿಸ್ಟರಮ್ಮ ಎದ್ದು ಹೊರಗೆ ಹೋಗಿದ್ದಳು.

ಹಿತ್ತಲಲ್ಲಿ ಕೈಗವಸಿನ ತಂತಿಯ ಹತ್ತಿರ ನಿಂತಿದ್ದಳು. ಹೋಗಿ ಪಕ್ಕದಲ್ಲಿ ನಿಂತೆ.

"ಯಾಕ್ರಿ ಸಿಸ್ಟರ್, ಛಲೋ ಮಾತಲ್ಲೇನು?"

"ಆಯಾ, ಬದುಕಿದ್ದೆಲ್ಲಾ ನನ್ನ ಕೈಗುಣ ಅಂದ್ರ ಆಕಿ ಸತ್ತದ್ದು ಯಾರ ಕೈಗುಣ?"

ತಂತಿಯ ಮೇಲಿನ ಕೈಗವಸುಗಳನ್ನು ತೆಗೆದು ಬುಟ್ಟಿಗೆ ಹಾಕುತ್ತ ನಿಂತೆ.

"ಎಲ್ಲಾರೂ ಸಾಲಾಗಿ ಕುಂತು ಅದನ್ನ ಹೇಳಿದ್ರಿ," ಅಂದಳು. "ಒಬ್ಬರರ ಹೇಳಬೇಕಿಲ್ಲೋ, ಜೀಪಿಗೆ ಗಾಲಿ ಇರಲಿಲ್ಲ ಅಂತ?"

ಸಂಜೆ ಮೇಡಂ ಆಕೆಯ ಕ್ವಾರ್ಟರ್ಸಿಗೆ ಹೋದರು. ಚಹಾ ಒಯ್ದು ಕೊಡುವ ನೆಪದಲ್ಲಿ ನಾನೂ ಬಾಗಿಲಲ್ಲಿ ನಿಂತೆ. ಸಿಸ್ಟರಮ್ಮ ಕೇಳಿದ್ದು ಎರಡೇ: ಇನ್ನೊಬ್ಬ ಸಿಸ್ಟರನ್ನು ಹಾಕಿಸಬೇಕು, ಯಾರ ಡ್ಯೂಟಿ ಅಂತ ಗೇಟಿನಲ್ಲಿ ಹೇಳುವುದನ್ನು ನಿಲ್ಲಿಸಬೇಕು. ಮೇಡಂ ಚಹಾದ ಕಪ್ಪು ಕೆಳಗಿಟ್ಟರು. "ಬರೆದು ಕೊಡುತ್ತೇನೆ," ಅಂದರು. "ಆದರೆ ನನ್ನನ್ನು ಕಳಿಸಿದ್ದು ನಿಮಗೆ ಹುರುಪು ತುಂಬಲಿಕ್ಕೆ. ಜೀಪು, ಪಗಾರ, ಆಳು, ಇವು ನನ್ನ ಕೈಯಲ್ಲಿಲ್ಲ." ನಿಜವನ್ನೇ ಹೇಳಿದರು. ಹೋಗುವಾಗ ಅವರ ಕಣ್ಣು ಒದ್ದೆಯಾಗಿತ್ತು. ಮರುದಿನ ಹುಬ್ಬಳ್ಳಿ ಬಸ್ಸು ಹತ್ತಿದರು.

ಹಿಂದೆ ಉಳಿದದ್ದು ಚಪ್ಪಾಳೆ. ಡಾಕ್ಟರ್ ಸಾಹೇಬರಿಗೆ ಅದು ಬಹಳ ಹಿಡಿಸಿಬಿಟ್ಟಿತ್ತು. ದಿನಾ ಬೆಳಿಗ್ಗೆ ಡ್ಯೂಟಿಗೆ ಮೊದಲು ಎಲ್ಲರೂ ವರಾಂಡದಲ್ಲಿ ನಿಲ್ಲಬೇಕು, ಒಬ್ಬೊಬ್ಬರು ಒಂದೊಂದು ಒಳ್ಳೆಯದು ಹೇಳಬೇಕು. ಅದರಲ್ಲಿ ಛಲೋ ಅನ್ನಿಸಿದ್ದನ್ನು ಕಾಂಪೌಂಡರ್ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಬೇಕು. ಮೊದಲು ಹುರುಪಿತ್ತು. ಬರುಬರುತ್ತ ಸುಳ್ಳು ಹೇಳಲು ಕಲಿತೆವು. ಹೇಳುವುದಕ್ಕೆ ಏನೂ ಸಿಗದ ದಿನ ನಿನ್ನೆ ಕಾಂಪೌಂಡರ್ ಹೇಳಿದ್ದನ್ನು ಇವತ್ತು ನಾನು ಹೇಳುತ್ತಿದ್ದೆ, ನನ್ನದನ್ನು ನಾಳೆ ವಾಚ್‌ಮನ್. ವರಾಂಡದಿಂದ ಜೀಪು ಕಾಣಿಸುತ್ತಿತ್ತು. ಅದರ ಸೀಟಿನಲ್ಲಿ ಒಂದು ಬೆಕ್ಕು ಮರಿ ಹಾಕಿತ್ತು. "ಈ ವರ್ಷ ಜೀಪಿನಾಗಿನ ಹೆರಿಗಿ ಎಲ್ಲಾ ಸುಸೂತ್ರ ಆಗ್ಯಾವ್ರಿ," ಅಂದ ಒಂದು ಬೆಳಿಗ್ಗೆ ಕಾಂಪೌಂಡರ್. ಅದನ್ನು ಹಲಗೆಯ ಮೇಲೆ ಬರೆಯಲಿಲ್ಲ.

ಸಿಸ್ಟರಮ್ಮ ಆ ಸಾಲಿನಲ್ಲಿ ಕೊನೆಗೆ ನಿಂತು, "ಆರಾಮ," ಅಂತ ಒಂದೇ ಮಾತು ಅಂದು ಒಳಗೆ ಹೋಗುತ್ತಿದ್ದಳು. ಕೆಲಸ ಮಾಡುತ್ತಿದ್ದಳು, ಇಲ್ಲ ಅನ್ನುವುದಿಲ್ಲ. ಆದರೆ ಹೆರಿಗೆ ಹತ್ತಿರ ಬಂದಾಗ ಒಂದು ಹೆಜ್ಜೆ ಹಿಂದೆ ನಿಲ್ಲುತ್ತಿದ್ದಳು. "ಆಯಾ, ನೀ ಹಿಡಿ," ಅನ್ನುತ್ತಿದ್ದಳು. ಹೀಗೇ ಮುಂದುವರಿದರೆ ಒಂದು ದಿನ ಆಕೆಯ ಕೈ ಪೂರಾ ನಿಂತುಹೋಗುತ್ತದೆ ಅಂತ ನನಗೆ ಕಾಣುತ್ತಿತ್ತು. ನಿಂತುಹೋದರೆ ಆಕೆಗೆ ಬೇರೆ ಕಸುಬು ಗೊತ್ತಿಲ್ಲ, ಮನೆಯಲ್ಲಿ ಓದುವ ತಮ್ಮಂದಿರು ಬೇರೆ.

ಆ ಹೊತ್ತಿಗೆ ಮಸ್ಕಿಗೆ ಮದುವೆ ಮಾಡಿಕೊಟ್ಟಿದ್ದ ನನ್ನ ಮಗಳು ಚೊಚ್ಚಲ ಹೆರಿಗೆಗೆ ನನ್ನ ಮನೆಗೆ ಬಂದಿದ್ದಳು. ನೋವು ಶುರುವಾದದ್ದು ಒಂದು ಮಧ್ಯಾಹ್ನ. ನೋಡಲು ಬಂದಿದ್ದ ಆಕೆಯ ಅತ್ತೆ, ನನ್ನ ಬೀಗತಿ, ಮಸ್ಕಿ ಬಸ್ಸಿಗೆ ಹೊಳ್ಳಿ ಹೋಗಬೇಕಾದವಳು ನಮ್ಮ ಜೊತೆಗೇ ದವಾಖಾನೆಗೆ ಬಂದಳು. ಡಾಕ್ಟರ್ ಸಾಹೇಬರು ರಾಯಚೂರಿಗೆ ಹೋಗಿದ್ದರು. ದೊಡ್ಡ ಸಿಸ್ಟರು ಸಂಜೆಗೆ ಬರುವವರು. ಇದ್ದವಳು ಸಿಸ್ಟರಮ್ಮ. ಬೀಗತಿ ಹೆರಿಗೆ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು.

"ಸಂಜಿ ಸಿಸ್ಟರ್ ಬರೂತನ ತಡೀರಿ ಬೀಗತಿ. ಈಕಿ ಕೈ ಬ್ಯಾಡ."

"ನಿನ್ನ ಸೊಸಿ ಏನು ಮಸ್ಕಿ ಬಸ್ಸೇನ್ಬೇ, ಡ್ರೈವರ್ ಬರೂತನ ನಿಲ್ಲಾಕ?"

"ಹೆತ್ತಾಕಿ ನೀ. ನಿನಗ ಎದಿ ಅಳಕ್ ಅನ್ನವಲ್ದೇನು?"

"ಅನ್ನಾಕತ್ತೈತಿ, ಅದಕ್ಕ ಒಳಗ ಹೊಂಟೀನಿ. ಬಾಗಲಾ ಬಿಡು, ಇಲ್ಲಂದ್ರ ನಿನ್ನ ತುಳದು ಹೋಗ್ತೀನಿ."

ಬಿಟ್ಟಳು. ಒಳಗೆ ಸಿಸ್ಟರಮ್ಮ ಗೋಡೆಗೆ ಒರಗಿ ನಿಂತಿದ್ದಳು, ಜೋಡು ಕೈಗವಸು ಹಾಕಿಕೊಂಡು. ಎಲ್ಲ ಕೇಳಿಸಿಕೊಂಡಿದ್ದಳು.

"ನಿನ್ನ ಮಗಳನ್ನ ನನ್ನ ಕೈಯಾಗ ಯಾಕ ಕೊಡ್ತಿ ಆಯಾ? ಕೈಗುಣ ಐತಿ ಅಂತ ನನಗ ತೋರ್ಸಾಕೇನು? ಆ ಆಟ ಬ್ಯಾಡ."

"ನಿಮ್ಮ ಕೈಯಾಗ ಗುಣಾನೂ ಇಲ್ಲ, ದೋಷಾನೂ ಇಲ್ಲ," ಅಂದೆ. "ಕೆಲಸ ಕಲ್ತೀರಿ, ಡ್ಯೂಟಿ ನಿಮ್ಮದು, ಹುಡುಗಿ ಬ್ಯಾನಿ ತಿನ್ನಾಕತ್ತಾಳ. ಮಾಡ್ರಿ."

"ಏನರ ಆದ್ರ?"

"ಆದ್ರ ನಾ ಅಳ್ತೀನಿ. ನಿಮಗೇನೂ ಅನ್ನಂಗಿಲ್ಲ."

ಆಕೆ ಮೇಲಿನ ಕೈಗವಸುಗಳನ್ನು ಕಿತ್ತು ಬೇಸನ್ನಿಗೆ ಹಾಕಿದಳು.

ಸುಲಭದ ಹೆರಿಗೆಯಲ್ಲ ಅದು. ಕೊರಳಿಗೆ ಹೊಕ್ಕಳಬಳ್ಳಿ ಸುತ್ತಿತ್ತು. ಹೊರಬಂದ ಕೂಸು ನೀಲಿಯಾಗಿತ್ತು, ಅಳಲಿಲ್ಲ. ಮಗಳು, "ಯಾಕ ಅಳವಲ್ದವ್ವ?" ಅಂತ ಕೇಳುತ್ತಿದ್ದಳು, ನಾನು ಆಕೆಯ ತಲೆ ಹಿಡಿದು ಬೇರೆ ಕಡೆ ತಿರುಗಿಸಿದೆ. ಸಿಸ್ಟರಮ್ಮ ಬಾಯಿ ಒರೆಸಿದಳು, ಬೆನ್ನು ತಿಕ್ಕಿದಳು, ತನ್ನ ಬಾಯಿಟ್ಟು ಮೆಲ್ಲಗೆ ಊದಿದಳು, ಮತ್ತೆ ತಿಕ್ಕಿದಳು. ಅವಸರ ಮಾಡಲಿಲ್ಲ, ಹಿಂದೆ ಸರಿಯಲಿಲ್ಲ. ಕೂಸು ಮೊದಲು ಸೀನಿತು, ಆಮೇಲೆ ಕಿರುಚಿತು.

ಹೆಣ್ಣು. ಎಲ್ಲ ಮುಗಿದು, ಮಗಳನ್ನು ಒರೆಸಿ ಮಲಗಿಸಿದ ಮೇಲೆ ಸಿಸ್ಟರಮ್ಮ ಸೋಪು ಹಚ್ಚಿ ಕೈ ತೊಳೆದುಕೊಂಡಳು. ನಳದ ನೀರಿಗೆ ಕೈ ಹಿಡಿದು ಹಾಗೇ ನಿಂತಳು.

"ಹಸಿವಿ ಆಗೈತಿ ಆಯಾ," ಅಂದಳು. "ನಿನ್ನ ಬುತ್ತ್ಯಾಗ ರೊಟ್ಟಿ ಅದಾವೇನು?"

ಚಮಚ ಹಿಡಿದ ಮೇಲೆ ಆಕೆ ರೊಟ್ಟಿ ಕೇಳಿದ್ದು ಅದೇ ಮೊದಲು. ಬುತ್ತಿ ತರಲು ಹೊರಗೆ ಓಡಿದೆ. ಗಂಟು ಬಿಚ್ಚಿ, ಇದ್ದುದರಲ್ಲಿ ಮೆತ್ತಗಿನ ರೊಟ್ಟಿ ಆರಿಸಿ, ಮೇಲೆ ಚಟ್ನಿ ಇಟ್ಟುಕೊಂಡು ಹೊಳ್ಳಿ ಬರುವಷ್ಟರಲ್ಲಿ ಬೀಗತಿ ಒಳಗೆ ಹೊಕ್ಕಿದ್ದಳು. ಸಿಸ್ಟರಮ್ಮನ ಎರಡೂ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು.

"ಕೈ ಹೊಳ್ಳಿ ಬಂದೈತಿ ನೋಡ್ರಿ! ಸತ್ತ ಕೂಸು ಎಬ್ಬಿಸಿದ ಕೈ! ಹೆಣ್ಣಾದ್ರೂ ಇರವಲ್ದ್ಯಾಕ, ಇಂಥಾ ಕೈಯಾಗ ಹುಟ್ಟೈತಿ. ನಾಳಿ ಸಂತಿ ಐತಿ, ಎಲ್ಲಾರಿಗೂ ಹೇಳ್ತೀನಿ!"

"ಬಿಡು ಆಕಿನ್ನ!" ಅಂತ ಒದರಿದೆ.

"ಯಾಕ ಬಿಡ್ಲಿ? ನಿನಗ ಹೊಟ್ಟಿಕಿಚ್ಚೇನು?"

ಸಿಸ್ಟರಮ್ಮ ಕೈ ಬಿಡಿಸಿಕೊಂಡು ಬೆನ್ನ ಹಿಂದೆ ಇಟ್ಟುಕೊಂಡಳು. ರೊಟ್ಟಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಅಲ್ಲಿಡು, ಆಮ್ಯಾಲ ತಿಂತೀನಿ," ಅಂದಳು. ರೊಟ್ಟಿ ಮೇಜಿನ ಮೇಲೆ ಒಣಗಿತು. ಸಂಜೆ ಅದನ್ನು ನಾನೇ ನಾಯಿಗೆ ಹಾಕಿದೆ.

ಮರುದಿನ ಬೆಳಿಗ್ಗೆ ವರಾಂಡದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ಸಿಸ್ಟರಮ್ಮನ ಕೈಗುಣ ಹೊಳ್ಳಿ ಬಂತು. ಡಾಕ್ಟರ್ ಸಾಹೇಬರು ನಿಂತು ಚಪ್ಪಾಳೆ ತಟ್ಟಿದರು. ಕಾಂಪೌಂಡರ್ ದೊಡ್ಡ ಅಕ್ಷರಗಳಲ್ಲಿ ಹಲಗೆಯ ಮೇಲೆ ಬರೆದ. ನನ್ನ ಸರದಿ ಬಂದಾಗ, "ಹೇಳಾಕ ಏನೂ ಇಲ್ಲ," ಅಂದೆ. ಸ್ವಂತ ಮೊಮ್ಮಗಳು ಹುಟ್ಟಿದರೂ ಮುಖ ಗಂಟು ಹಾಕಿಕೊಂಡಿದ್ದಾಳೆ ನೋಡು ಅಂತ ದೊಡ್ಡ ಸಿಸ್ಟರು ಅಂದದ್ದು ಕೇಳಿಸಿತು.

ಮುಂದಿನ ಸಂತೆ ಕಳೆಯುವುದರೊಳಗೆ ಟಾಂಗಾಗಳು ಮತ್ತೆ ಹಳೆಯ ಪ್ರಶ್ನೆ ಕೇಳತೊಡಗಿದವು. ಬೀದರ್ ಸಿಸ್ಟರ್ ಅದಾಳೇನ್ರಿ? ಕ್ವಾರ್ಟರ್ಸಿನ ಬಾಗಿಲು ಮತ್ತೆ ಬಡಿಯಿತು. ಕಣ್ಣಿಗೆ ಕೈ ಒತ್ತಿಕೊಳ್ಳುವುದು ಮತ್ತೆ ಶುರುವಾಯಿತು. ಸಿಸ್ಟರಮ್ಮ ಹೋದಳು, ಮಾಡಿದಳು, ನಗಲಿಲ್ಲ. ತಿಂಗಳು ತುಂಬುವ ಮೊದಲೇ ರಾಜೀನಾಮೆ ಕೊಟ್ಟಳು. ಆಕೆಯ ಊರಿನ ಹತ್ತಿರ ಒಂದು ಕಣ್ಣಿನ ದವಾಖಾನೆಯಲ್ಲಿ ಕೆಲಸ ಸಿಕ್ಕಿತ್ತಂತೆ. ಮುದುಕರ ಕಣ್ಣಿಗೆ ಹನಿ ಹಾಕುವುದು, ಪಟ್ಟಿ ಕಟ್ಟುವುದು.

ಡಾಕ್ಟರ್ ಸಾಹೇಬರಿಗೆ ನಿಜಕ್ಕೂ ಅರ್ಥವಾಗಲಿಲ್ಲ. ನನ್ನ ಮುಂದೆಯೇ ಆಕೆಗೆ ಕೇಳಿದರು.

"ಶಿಬಿರ ಮಾಡಿಸಿದಿವಿ. ದಿನಾ ಹೊಗಳಿದಿವಿ. ಇನ್ನೇನು ಮಾಡಬೇಕಾಗಿತ್ತಮ್ಮ ನಿನಗ?"

"ಇನ್ನೊಬ್ಬ ಸಿಸ್ಟರ್ ಹಾಕಬೇಕಾಗಿತ್ತು ಸರ್," ಅಂದಳು.

"ಅದು ನನ್ನ ಕೈಯಾಗ ಇಲ್ಲಲ್ಲ."

"ಹೌದು ಸರ್," ಅಂದು ಕಾಗದ ಅವರ ಮೇಜಿನ ಮೇಲಿಟ್ಟು ಬಂದಳು.

ಆಕೆ ಹೊರಟ ದಿನ ಕಲಬುರ್ಗಿ ಬಸ್ಸಿಗೆ ಹತ್ತಿಸಲು ನಾನು ಹೋಗಿದ್ದೆ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ. ಬಟ್ಟೆಯಲ್ಲಿ ಕಟ್ಟಿದ ರೊಟ್ಟಿಗಳನ್ನು ಕಿಟಕಿಯಿಂದ ಕೊಟ್ಟೆ. ಮೊಮ್ಮಗಳು ಹೇಗಿದ್ದಾಳೆ ಅಂತ ಕೇಳಿದಳು. ಗುಂಡುಕಲ್ಲಿನಂತಿದ್ದಾಳೆ ಅಂದೆ. ಬಸ್ಸು ಇನ್ನೂ ಹೊರಟಿರಲಿಲ್ಲ, ಆಕೆ ಅಲ್ಲೇ ಗಂಟು ಬಿಚ್ಚಿದಳು. ರೊಟ್ಟಿ ಮುರಿದು, ಚಟ್ನಿಗೆ ಒತ್ತಿ ಬಾಯಿಗೆ ಇಟ್ಟುಕೊಂಡಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಬೆರಳು ನೆಕ್ಕಿದಳು. ಅದನ್ನು ನೋಡಬೇಕು ಅಂತ ನಾನು ಎಷ್ಟೋ ದಿನದಿಂದ ಕಾದಿದ್ದೆ. ನೋಡಿದ್ದು ಆಕೆ ನಮ್ಮನ್ನೆಲ್ಲ ಬಿಟ್ಟು ಹೋಗುವಾಗ. ನನಗೆ ಸಂತೋಷವಾಗಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಅಂತ ಇವತ್ತಿಗೂ ಒಬ್ಬರ ಹೆಸರು ಹೇಳಲಾರೆ.

ದವಾಖಾನೆಗೆ ಹೊಳ್ಳಿ ಬಂದಾಗ ಗೇಟಿನಲ್ಲಿ ಟಾಂಗಾ ನಿಂತಿತ್ತು. ಒಳಗೆ ಒಬ್ಬಳು ಹಲ್ಲು ಕಚ್ಚಿ ನರಳುತ್ತಿದ್ದಳು. ಜೊತೆಗೆ ಬಂದ ಮುದುಕಿ ತಲೆ ಹೊರಗೆ ಹಾಕಿ ಕೇಳಿದಳು.

"ಆ ಛಲೋ ಕೈ ಸಿಸ್ಟರ್ ಅದಾಳೇನವ್ವ?"

"ಇಲ್ಲ."

"ಹಂಗಾರ ಈಗ ಯಾರ ಕೈ ಛಲೋ ಐತಿ ಇಲ್ಲಿ?"

"ಯಾರದೂ ಇಲ್ಲ," ಅಂದೆ.

ಟಾಂಗಾದ ಒಳಗೆ ಕೈಚಾಚಿ ಆ ಹುಡುಗಿಯ ರಟ್ಟೆ ಹಿಡಿದು ಇಳಿಸಿಕೊಂಡೆ.